ಸುರುಳಿ ಕತ್ತರಿಸಿದವನಿಗೆ

ಆರ್.ಕೆ.ಪುರಂ, ನವದೆಹಲಿ
ಜೂನ್ ೨೦೦೭, ಶನಿವಾರ

ಬಸವರಾಜ,

ನಿನ್ನ ಹೆಸರಿಗೆ ಮುಂಚೆ ‘ಚಿರಂಜೀವಿ’ ಎಂದು ಬರೆದೆ, ಆಮೇಲೆ ಹೊಡೆದು ಹಾಕಿದೆ. ಅದನ್ನು ಉಳಿಸಲು ಕೈ ಬರಲಿಲ್ಲ. ಪತ್ರ ಮುಗಿಯುವ ಹೊತ್ತಿಗೆ ಮನಸ್ಸು ಏನು ಹೇಳುತ್ತದೋ ನೋಡೋಣ.

ನನ್ನ ತಮ್ಮ ಮಲ್ಲಿಕಾರ್ಜುನ ಹೋದ ಮೇಲೆ ನೀನು ಭಾನುವಾರದ ಊಟಕ್ಕೆ ಬಂದಿಲ್ಲ. ಬರುವುದಾದರೂ ಹೇಗೆ? ನಿಮ್ಮಿಬ್ಬರ ರೊಟ್ಟಿಗೆಂದು ಊರಿನಿಂದ ತರಿಸಿದ ಜೋಳದ ಹಿಟ್ಟು ಡಬ್ಬಿಯಲ್ಲೇ ಇದೆ. ಮುಚ್ಚಳ ತೆಗೆದು ನೋಡಿದೆ, ಹುಳು ಬಿದ್ದಿದೆ.

ಮಾನೇಸರಿನ ನಿಮ್ಮ ಕಾರ್ಖಾನೆಗೆ ತಗಡು ಒತ್ತುವ ಹೊಸ ಪ್ರೆಸ್ ಬರುತ್ತದೆಂದು ಮಲ್ಲಿ ಟ್ರಾನ್ಸ್‌ಫಾರ್ಮರ್‌ನಿಂದ ಪ್ಯಾನೆಲ್‌ವರೆಗೆ ಮೂರು ದಪ್ಪ ಕೇಬಲ್ ಹಾಕಿಸಿದನಲ್ಲ, ಆ ವಾರ ನಮ್ಮ ಮನೆಯ ಊಟದ ತುಂಬ ಅದೇ ಮಾತು. ಅಷ್ಟು ಕರೆಂಟನ್ನು ಒಂದೇ ಕೇಬಲ್ ಹೊರಲಾರದು, ಮೂರು ಜೊತೆಯಾಗಿ ಹೊರಬೇಕು. ಎರಡು ಕೇಬಲ್ ಕಂಬದ ಬುಡ ಸುತ್ತಿ ಹೋದವು, ಮೂರನೆಯದಕ್ಕೆ ನೇರ ದಾರಿ ಸಿಕ್ಕಿತು. ಆದರೂ ಅವನು ಅದನ್ನು ಗಿಡ್ಡ ಮಾಡಲಿಲ್ಲ, ಮೂರನ್ನೂ ಒಂದೇ ಉದ್ದಕ್ಕೆ ಕತ್ತರಿಸಿ, ಮೂರನೆಯದರಲ್ಲಿ ಉಳಿದದ್ದನ್ನು ಕೇಬಲ್ ಹೋಗುವ ನೆಲದ ಟ್ರೆಂಚಿನಲ್ಲಿ ಸುರುಳಿ ಸುತ್ತಿಟ್ಟ. ನೀನು ರೇಗಿಸಿದೆ. “ಅಕ್ಕಾ, ನಿಮ್ಮ ತಮ್ಮ ಒಳ್ಳೇ ಕೇಬಲನ್ನ ಹಾವಿನ ಥರ ಸುತ್ತಿ ಮಲಗಿಸಿದ್ದಾನೆ ನೋಡಿ!”

ಅವನು ರೊಟ್ಟಿ ಮುರಿಯುತ್ತಲೇ ಹೇಳಿದ್ದ. “ಲೋ ಬಸ್ಯಾ, ಮೂರು ದಾರಿ ಇದ್ದು ಒಂದು ಹತ್ತಿರದ್ದಾದ್ರೆ ನೀನು ಯಾವುದರಲ್ಲಿ ಹೋಗ್ತೀಯ? ಕರೆಂಟೂ ಹಂಗೇ. ಗಿಡ್ಡ ಕೇಬಲ್‌ಗೇ ಜಾಸ್ತಿ ನುಗ್ಗುತ್ತೆ, ಅದು ಕಾದು ಸುಡುತ್ತೆ. ಮೂರೂ ಒಂದೇ ಉದ್ದ ಇದ್ರೆ ಸಮನಾಗಿ ಹೊರ್ತಾವೆ.” ನೀನು ಅಚ್ಛಾ ಅಚ್ಛಾ ಎಂದು ತಲೆಯಾಡಿಸಿ ಇನ್ನೊಂದು ರೊಟ್ಟಿ ಕೇಳಿದೆ.

ಆಮೇಲೆ ಅವನು ಹೆಣ್ಣು ನೋಡಲು ದಾವಣಗೆರೆಗೆ ಹೋದ. ಆ ಭಾನುವಾರ ನೀನೊಬ್ಬನೇ ಬಂದಿದ್ದೆ. “ವೆಲ್ಡಿಂಗ್ ಶೆಡ್‌ಗೆ ಕೇಬಲ್ ಬೇಕಿತ್ತಕ್ಕಾ, ಸ್ಟೋರ್‌ನವರು ಇವತ್ತು ನಾಳೆ ಅಂತಿದ್ರು. ನಿನ್ನೆ ಪವರ್ ಆಫ್ ಮಾಡಿ ಆ ಸುರುಳಿ ಕತ್ತರಿಸ್ಕೊಂಡು, ಉಳಿದ ಕೇಬಲನ್ನ ನೇರ ಎಳೆದು ಮತ್ತೆ ಜೋಡಿಸಿಬಿಟ್ಟೆ. ಬಂದು ಬೈಯ್ಲಿ ಬಿಡಿ, ಕೇಳಿಸ್ಕೋತೀನಿ,” ಎಂದು ನಕ್ಕೆ. ನಾನೂ ನಕ್ಕು ಎಣ್ಣೆಗಾಯಿ ಬಡಿಸಿದೆ.

ಬೈಯಲು ಅವನಿಗೆ ಪುರಸೊತ್ತೇ ಸಿಗಲಿಲ್ಲವಲ್ಲೋ. ಸೋಮವಾರ ರೈಲಿಳಿದವನು ಮನೆಗೂ ಬಾರದೆ ನೇರ ಕಾರ್ಖಾನೆಗೆ ಬಂದ. ಬೆಳಿಗ್ಗೆಯೇ ಹೊಸ ಪ್ರೆಸ್ ಶುರುವಾಗಿತ್ತು. ಸುಟ್ಟ ವಾಸನೆ ಬಂತೆಂದು, ಆಫ್ ಮಾಡಿ ಎಂದು ಕೂಗುತ್ತ ಟ್ರೆಂಚಿನ ಮುಚ್ಚಳ ಎತ್ತಿದನಂತೆ. ಬೆಂಕಿ ಅವನ ಮುಖಕ್ಕೇ ಹೊಡೆಯಿತು. ಆಸ್ಪತ್ರೆಯಲ್ಲಿ ನನಗೆ ಅವನ ಪಾದ ಮಾತ್ರ ತೋರಿಸಿದರು. ದಾವಣಗೆರೆಯ ಹೆಣ್ಣಿನ ಕಡೆಯವರು ಒಪ್ಪಿಗೆ ಎಂದು ಫೋನ್ ಮಾಡಿದ್ದು ಅದೇ ಸಂಜೆ. ಎತ್ತಿದವಳು ನಾನು.

ಕಾರ್ಖಾನೆಯವರು ನನ್ನನ್ನೂ ಕರೆಸಿದ್ದ ವಿಚಾರಣೆಯ ದಿನ ನಿಮ್ಮ ಮ್ಯಾನೇಜರ್, ಕೇಬಲ್‌ನ ಸೈಜ್ ಸಾಲದೆ ಸುಟ್ಟಿತು, ಅದನ್ನು ಲೆಕ್ಕ ಹಾಕಿದವರು ಮಲ್ಲಿಕಾರ್ಜುನರೇ ಎಂದರು. ನೀನು ನೆಲ ನೋಡುತ್ತ, “ಸಬ್ ಉಸೀಕಾ ಡಿಸೈನ್ ಥಾ ಸರ್,” ಎಂದೆ. ಎಲ್ಲ ಅವನದೇ ವಿನ್ಯಾಸವಂತೆ! ಸುರುಳಿಯ ಸುದ್ದಿಯೇ ಇಲ್ಲ. ನಿನ್ನ ಬಾಯಿಗೆ ಮಣ್ಣು ಬೀಳಲಿ ಎಂದು ನಾನು ಕೂತಲ್ಲೇ ಶಪಿಸಿದೆ. ಸತ್ತವನು ಎದ್ದು ಬಂದು ಅಲ್ಲ ಎನ್ನುತ್ತಾನೆಯೇ? ಅವನ ಕೆಲಸ ಅವನಿಗೆ ಮಾನವಾಗಿತ್ತು ಬಸವರಾಜ, ಅದನ್ನೂ ಸುಟ್ಟೆ.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಜನ್ಮದಲ್ಲಿ ನಿನ್ನ ಮುಖ ನೋಡಬಾರದೆಂದು ಸುಮ್ಮನಿರುತ್ತಿದ್ದೆ.

ನಿನ್ನೆ ಅವನ ಚೀಲ, ಊಟದ ಡಬ್ಬಿ ತರಲು ಕಾರ್ಖಾನೆಗೆ ಬಂದಿದ್ದೆ. ಟ್ರೆಂಚು ತೆರೆದಿತ್ತು. ಸುಟ್ಟದ್ದರ ಜಾಗದಲ್ಲಿ ಹೊಸ ಕೇಬಲ್ ನೇರ ಮಲಗಿತ್ತು, ಸುರುಳಿ ಇರಲಿಲ್ಲ. “ಭಯ್ಯಾ, ಇದನ್ನ ಯಾವ ಅಳತೆಗೆ ಕತ್ತರಿಸಿದ್ರಿ?” ಎಂದು ಅಲ್ಲಿದ್ದವನನ್ನು ಹಿಂದಿಯಲ್ಲಿ ಕೇಳಿದೆ. ಸುಟ್ಟ ಕೇಬಲ್ ಎಷ್ಟಿತ್ತೋ ಅಷ್ಟೇ ಎಂದ. ಅದನ್ನೇ ನೆಲಕ್ಕೆ ಚಾಚಿ ಅಳೆದರಂತೆ. ನೀನು ಗಿಡ್ಡ ಮಾಡಿದ್ದನ್ನು! ಮ್ಯಾನೇಜರಿಗೆ ಹೇಳಲು ಹೋದರೆ, “ಅಚ್ಛಾ, ಆಪ್ ಭೀ ಇಂಜಿನಿಯರ್ ಹೈಂ?” ನೀವೂ ಇಂಜಿನಿಯರೋ ಎಂದು ನಕ್ಕು ಚಹಾ ತರಿಸಿದರು. ಸೋಮವಾರ ಪ್ರೆಸ್ ಮತ್ತೆ ಶುರುವಂತೆ. ಪ್ಯಾನೆಲ್ ಮುಂದೆ ಯಾರು ನಿಲ್ಲುತ್ತಾರೆಂದು ಹೊರಡುವಾಗ ಕೇಳಿದೆ. ಬಸವರಾಜ್ ಸಾಬ್ ಎಂದರು.

ರಾತ್ರಿಯಿಂದ ನನಗೆ ನಿನ್ನ ಮೇಲಿನ ಸಿಟ್ಟು ಸಾಲುತ್ತಿಲ್ಲ, ಭಯ ಹತ್ತಿದೆ. ಸೋಮವಾರ ಸುಡದಿದ್ದರೆ ಮಂಗಳವಾರ ಸುಡುತ್ತದೆ. ನನ್ನ ಮಾತನ್ನು ಅಲ್ಲಿ ಯಾರೂ ಕೇಳುವುದಿಲ್ಲ, ನಿನ್ನದನ್ನು ಕೇಳುತ್ತಾರೆ. ಆದರೆ ಕೇಬಲ್ ಗಿಡ್ಡವಾಯಿತು ಎನ್ನಬೇಕಾದರೆ ಯಾರು ಗಿಡ್ಡ ಮಾಡಿದ್ದು ಎಂದೂ ಹೇಳಬೇಕಾಗುತ್ತದೆ. ಕೆಲಸ ಹೋಗಬಹುದು, ಪೊಲೀಸರು ಬರಬಹುದು. ಬರಲಿ. ರಾಣೆಬೆನ್ನೂರಿನಲ್ಲಿರುವ ನಿನ್ನ ಅವ್ವನಿಗೆ ನಾನು ಫೋನ್ ಮಾಡುವಂತಾಗಬಾರದು. ಅಂಥ ಫೋನು ಹೇಗಿರುತ್ತದೆಂದು ನನಗೆ ಗೊತ್ತು.

ನಾಳೆ ನಮ್ಮ ಮನೆಯವರು ಈ ಪತ್ರವನ್ನು ನಿನ್ನ ಕೈಗೇ ಕೊಡುತ್ತಾರೆ. ಓದಿ ಅವರ ಜೊತೆಯಲ್ಲೇ ಮ್ಯಾನೇಜರ್ ಮನೆಗೆ ಹೋಗು. ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ, ಕ್ಷಮಿಸಿಲ್ಲ. ಆದರೂ ಮೇಲೆ ಹೊಡೆದು ಹಾಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಿರಂಜೀವಿಯಾಗಿರು, ಬಸವರಾಜ.

ಮಲ್ಲಿಯ ಅಕ್ಕ,
ಪದ್ಮಾ