ಮೇಸ್ತ್ರಿ ಸಾಂಬಯ್ಯನ ಎರಡು ಸಹಿ

ವಿಜಯವಾಡ
14-6-2017

ಅತ್ತೆ,

ನಿನ್ನ ಅಪ್ಪ ಯಾವಳ ಹಿಂದೆಯೂ ಓಡಿಹೋಗಿರಲಿಲ್ಲ. ಇಲ್ಲಿಯ ಸ್ಮಶಾನದ ಹಳೆಯ ರಿಜಿಸ್ಟರಿನಲ್ಲಿ ಇವತ್ತು ಕಣ್ಣಾರೆ ನೋಡಿದೆ: 'ಬಳ್ಳಾರಿ ಕಲ್ಲುಕುಟಿಗ ಓಬಳಪ್ಪ, ವಯಸ್ಸು ಇಪ್ಪತ್ತೆಂಟು, ಗಣಿಯಲ್ಲಿ ಬಂಡೆ ಉರುಳಿ ಸಾವು, 3 ಮಾರ್ಚ್ 1956.' ಹೆಣ ತಂದವನೆಂದು ಸಹಿ ಹಾಕಿದವನು ಮೇಸ್ತ್ರಿ ಸಾಂಬಯ್ಯ. ಅದೇ ಸಾಂಬಯ್ಯ ಹತ್ತು ದಿನ ಬಿಟ್ಟು, 'ನಿನ್ನ ಗಂಡ ಬೇರೆ ಹೆಂಗಸಿನ ಜೊತೆ ಪರಾರಿಯಾಗಿದ್ದಾನೆ' ಎಂದು ಅಜ್ಜಿಗೆ ಕಾಗದ ಬರೆದ. ಸಾವಿನ ಪರಿಹಾರ ತಪ್ಪಿಸಿಕೊಳ್ಳುವುದಕ್ಕಲ್ಲದೆ ಇನ್ನೇತಕ್ಕೆ? ನೀನು ಕೊಟ್ಟ ಆ ಕಾಗದವನ್ನು ಪಕ್ಕದಲ್ಲಿಟ್ಟು ನೋಡಿದೆ. ಸಹಿ ಒಂದೇ.

ಅಲ್ಲಿಯ ಗುಮಾಸ್ತೆ ಕೋಟೇಶ್ವರಮ್ಮ, "ಪಾತ ಸಂಗತಿ, ಪೋನೀಲೇಮ್ಮಾ" ಎಂದರು, ಹಳೇ ಸಂಗತಿ, ಹೋಗಲಿ ಬಿಡಮ್ಮ ಅಂತ.

"ಹೆಂಗೆ ಹೋಗಲಿ ಅಂತ ಬಿಡ್ಲಿ? ನಮ್ಮಜ್ಜಿ ಸಾಯೋ ತನಕ ಗಂಡ ಬಿಟ್ಟವಳು ಅನ್ನಿಸಿಕೊಂಡಳು" ಎಂದೆ. ಮೊಹರು ಹಾಕಿದ ನಕಲು ಕೈಗೆ ಬರುವವರೆಗೂ ಅಲ್ಲಿಂದ ಏಳಲಿಲ್ಲ.

ಬಿಪಿ ಮಾತ್ರೆ ತಪ್ಪಿಸಬೇಡ. ಲಕೋಟೆಗೆ ಹಾಕದೆ ಬೇಕೆಂದೇ ಕಾರ್ಡಿನಲ್ಲಿ ಬರೆದಿದ್ದೇನೆ. ಅಂಚೆಯವನಿಂದ ಹಿಡಿದು ಊರಿನವರೆಲ್ಲ ಓದಲಿ.

ತುಳಸಿ