ಸತ್ತವಳ ಹೆಸರಿನ ಪರವಾನಗಿ

ಕೊಂಕೋರ್ದಿಯಾ,
ಮಾರ್ಚ್ 17, ಸೋಮವಾರ

ಪ್ರೀತಿಯ ಎಲ್ವಿರಾ,

ಸಾಲ್ತಾದಲ್ಲಿ ನೀವೆಲ್ಲ ಕ್ಷೇಮ ತಾನೇ? ನಿನ್ನ ಅಕ್ಕ ನೇಲಿದಾ ತೀರಿಕೊಂಡು ವರ್ಷ ತುಂಬಿದ ದಿನ ನೀನು ಬರೆದ ಕಾಗದಕ್ಕೆ ಇಷ್ಟು ದಿನ ಉತ್ತರಿಸಲಿಲ್ಲ. ಬೈದುಕೋ. ಮೂರು ಸಲ ಬರೆಯಲು ಕೂತೆ. ಒಮ್ಮೆಯಂತೂ ಕಾಲೇಜಿನಲ್ಲಿ ಉರು ಹೊಡೆದ ಇಂಗ್ಲಿಷ್ ಕೈಗೆ ಬಂದು ‘ಐ ಬೆಗ್ ಟು ಸ್ಟೇಟ್’ ಎಂದು ಗೀಚಿಬಿಟ್ಟೆ. ಆಮೇಲೇನು ಬರುತ್ತದೆಂದು ನೆನಪಾಗಲಿಲ್ಲ.

ನೋಡು, ಮತ್ತೆ ಎಲ್ಲೆಲ್ಲೋ ಹೋಗುತ್ತಿದ್ದೇನೆ. ಮನೆಗೆ ಪೊಲೀಸರು ಬಂದಿದ್ದರು.

ಕಳೆದ ಮಂಗಳವಾರ, ಊರೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ. ಹಿತ್ತಲಲ್ಲಿ ಆರು ಗಾಂಜಾ ಗಿಡ, ನನ್ನ ಎದೆಯೆತ್ತರ, ಹೂ ಕಟ್ಟಿದ್ದವು. ಘಾಟು ಗೋಡೆ ದಾಟಿತ್ತು, ಯಾರೋ ಫೋನ್ ಮಾಡಿದ್ದರಂತೆ. ಪಂಚರು ಬೇಕೆಂದು ಬೀದಿಯಲ್ಲಿ ಸಿಕ್ಕ ಇಬ್ಬರನ್ನು ಒಳಗೆ ಕರೆತಂದರು. ಒಬ್ಬ ಗ್ಯಾಸ್ ಸಿಲಿಂಡರಿನವನು, ಇನ್ನೊಬ್ಬಳು ಬೇಕರಿಯ ಹೇರ್ಮೀನಿಯಾ.

“ಅಯ್ಯೋ ದೊನ್ ಅನ್ಸೆಲ್ಮೋ, ನಾನು ಟೊಮ್ಯಾಟೋ ಅಂದ್ಕೊಂಡಿದ್ದೆ!” ಎಂದಳು. ನಿನ್ನ ಅಕ್ಕನ ನೋವಿಗೆಂದು ಈ ಹೂವಿನಿಂದ ನಾನು ತೆಗೆಯುತ್ತಿದ್ದ ಎಣ್ಣೆಗೆ ಎರಡು ವರ್ಷ ಬಾಟಲಿ ತೊಳೆದುಕೊಟ್ಟವಳು!

ಸಾರ್ಜೆಂಟ್ ಗಿಡಗಳನ್ನು ಬೇರುಸಮೇತ ಕಿತ್ತು, ಮಣ್ಣು ಕೂಡ ಕೊಡವದೆ ತಕ್ಕಡಿಗೆ ಹಾಕಿದ.

“ತಮ್ಮಾ, ಕುರಿಗೊಬ್ಬರಾನೂ ತೂಗ್ತಿದ್ದೀಯಲ್ಲೋ.”

“ಅದನ್ನ ಜಡ್ಜ್ ಮುಂದೆ ಹೇಳಿ ಯಜಮಾನ್ರೇ. ಪರವಾನಗಿ ತೋರ್ಸಿ.”

ಕೊಟ್ಟೆ. ಓದಿದ. “ಇದ್ರಲ್ಲಿ ನಿಮ್ಮ ಹೆಂಡ್ತಿ ಹೆಸ್ರಿದೆ. ಎಲ್ಲವ್ರೆ ಅವ್ರು?”

“ಸ್ಮಶಾನದಲ್ಲಿ.”

ಕಾಗದದ ಅವಧಿ ಇನ್ನೂ ಮುಗಿದಿರಲಿಲ್ಲ, ಎಲ್ವಿರಾ. ಒಂಬತ್ತು ಗಿಡದವರೆಗೆ ಬೆಳೆಸಬಹುದೆಂದು ಸ್ಪಷ್ಟವಾಗಿ ಬರೆದಿದೆ. ಆದರೆ ರೋಗಿ ಸತ್ತ ದಿನವೇ ಅದೂ ಸತ್ತಂತೆ.

ವಕೀಲ ಬೆನವೀದೆಸ್ ನನ್ನ ಹಳೆಯ ವಿದ್ಯಾರ್ಥಿ. ಅವನೇ ತಲೆ ಚಚ್ಚಿಕೊಂಡ. “ಇಪ್ಪತ್ತೊಂದು ಕಿಲೋ ಅಂತ ಬರ್ಕೊಂಡಿದ್ದಾರೆ ಮೇಷ್ಟ್ರೇ! ಮಾರೋಕೆ ಅಂದ್ಬಿಟ್ರೆ ಶಿಕ್ಷೆ ನಾಲ್ಕು ವರ್ಷದಿಂದ ಶುರು. ಯಾರ ಕಾಯಿಲೆಗೆ ಬೆಳೆಸಿದ್ರಿ?”

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

“ಮಂಡಿನೋವು ಇದ್ಯಾ?”

“ಇಲ್ಲ.”

“ಎಪ್ಪತ್ತೊಂದಾಯ್ತು, ಒಂದು ಮಂಡಿನೋವೂ ಇಟ್ಕೊಂಡಿಲ್ವಾ!”

ಆಮೇಲೆ ಅವನೇ ದಾರಿ ಹುಡುಕಿದ. ಇವು ನೇಲಿದಾಳ ಗಿಡಗಳ ಬೀಜ ಉದುರಿ ಅದೇ ಕುಂಡಗಳಲ್ಲಿ ತಾವಾಗಿಯೇ ಹುಟ್ಟಿದವು, ಹೆಂಡತಿಯ ನೆನಪೆಂದು ಮುದುಕ ನೀರು ಹಾಕಿದ, ಅಷ್ಟೇ. ಏಪ್ರಿಲ್ ನಾಲ್ಕಕ್ಕೆ ಹಾಗೆಂದು ಹೇಳಿಕೆ ಕೊಡಬೇಕಂತೆ. ಸಾಕ್ಷಿ ನೀನು. ಹೋದ ವರ್ಷ ಜನವರಿಯಲ್ಲಿ ಬಂದಾಗ ಆ ಕುಂಡಗಳಲ್ಲಿ ಗಿಡ ನೋಡಿದ್ದೆ ತಾನೇ? ಅಷ್ಟು ಹೇಳಿದರೆ ಸಾಕು. “ನಾದಿನಿ ಸುಳ್ಳು ಹೇಳ್ಬೇಕಾಗಿಲ್ಲ, ಕಂಡದ್ದನ್ನ ಹೇಳಿದ್ರೂ ನೀವು ಬಚಾವ್” ಎಂದ. ಈ ವಾರ ನಿನಗೆ ಫೋನ್ ಮಾಡುತ್ತಾನೆ.

ಅದಕ್ಕೇ ಅವನಿಗಿಂತ ಮೊದಲು ಈ ಕಾಗದ ನಿನ್ನ ಕೈ ಸೇರಲೆಂದು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ನಿನ್ನ ಮೊಮ್ಮಗಳ ಹಲ್ಲು ಬಂತೇ? ದೇವರು ಅವಳನ್ನೂ ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ. ನನ್ನ ಮೇಲೆ ಸಿಟ್ಟು ಬಂದರೂ ಊಟ ಬಿಡಬೇಡ.

ನಿನ್ನ ಭಾವ,
ಅನ್ಸೆಲ್ಮೋ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ನೀನು ನೋಡಿದ ಗಿಡಗಳನ್ನು ಹೋದ ವರ್ಷವೇ ಫೆಬ್ರವರಿ ಹನ್ನೆರಡರಂದು ನಾನೇ ಕಿತ್ತು ಸುಟ್ಟೆ. ಹಳೆಯ ಪರವಾನಗಿ ಮುಗಿದಿತ್ತು, ಹೊಸದು ಬಂದಿರಲಿಲ್ಲ. ಹಿಂದಿನ ಬೀದಿಯಲ್ಲಿ ಒಬ್ಬನನ್ನು ಹಿಡಿದೊಯ್ದರೆಂದು ಕೇಳಿ ಹೆದರಿಬಿಟ್ಟೆ. ಹೂ ಬಲಿಯಲು ಇನ್ನೂ ದಿನವಿತ್ತು. ಬೀಜ ಉದುರುವ ಮಾತೆಲ್ಲಿ? ನನ್ನ ಮನೆಯ ಬಾಗಿಲನ್ನು ಯಾರೂ ತಟ್ಟಲಿಲ್ಲ. ಹೊಸ ಕಾಗದ ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಬಂತು. ಈ ಆರು ಗಿಡಗಳನ್ನು ಅಕ್ಟೋಬರಿನಲ್ಲಿ ನೆಟ್ಟವನು ನಾನು. ನಾಲ್ಕನೇ ತಾರೀಖು ಅದನ್ನೇ ಹೇಳುತ್ತೇನೆ. ಅಂದು ಗಿಡ ಸುಟ್ಟಾಗ ಬಾಟಲಿಯಲ್ಲಿ ಒಂದು ಹನಿ ಎಣ್ಣೆಯೂ ಉಳಿದಿರಲಿಲ್ಲ, ಎಲ್ವಿರಾ. ಅವಳಿಗೆ ಎದ್ದು ಹಿತ್ತಲಿಗೆ ಬರಲಾಗುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ದಿನಾ ಕೇಳುತ್ತಿದ್ದಳು, “ಹೂವು ಬಲೀತಾ?” ಅವಳು ಕಣ್ಣು ಮುಚ್ಚುವವರೆಗೆ ನಾನು ಹತ್ತೊಂಬತ್ತು ದಿನವೂ “ಇನ್ನೊಂದೇ ವಾರ, ಚಿನ್ನಾ” ಎಂದೆ.