ಸುರಂಗದೊಳಗಿನ ಗುನುಗು

ಅಪ್ಪಾ,

"ನೀನು ಬಾ, ಒಟ್ಟಿಗೆ ಬಿಚ್ಚೋಣ" ಎಂದು ಎತ್ತಿಟ್ಟಿದ್ದೆಯಲ್ಲ, ನಿನ್ನ ಪುಟ್ಟ ರೈಲುಗಳ ಡಿಜಿಟಲ್ ಕಂಟ್ರೋಲರಿನ ಡಬ್ಬ, ಅದನ್ನು ನೀನು ತೀರಿಹೋದ ಮೇಲೆ ಇವತ್ತು ಒಬ್ಬಳೇ ಬಿಚ್ಚಿದೆ. ಹಸಿರು ಇಂಜಿನ್ನಿಗೆ ಕಂಟ್ರೋಲರಿನ ಮಾತು ಕೇಳುವ ಚಿಪ್ ಕೂರಿಸಿ, ಹಳಿಗೆ ಕರೆಂಟ್ ಕೊಟ್ಟು, ಕಂಟ್ರೋಲರಿನಲ್ಲಿ ಅದರ ನಂಬರ್ ಒತ್ತಿದೆ. ಕರೆದ ತಕ್ಷಣ ಹೊರಟುಬಂತು.

ಆಗಲೇ ಹಳಿಯ ಮೇಲಿನ ಪುಟ್ಟ ಸುರಂಗದೊಳಗೆ ಯಾರೋ ಗುನುಗಿದರು. ಬೆಸುಗೆ ಹಾಕುವಾಗ ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದೆಯಲ್ಲ, ಅದೇ ದನಿ. ಬಗ್ಗಿ ನೋಡಿದರೆ ನಿನ್ನ ಹಳೆಯ ಕಪ್ಪು ಇಂಜಿನ್. ಚಿಪ್ ಇಲ್ಲದ್ದನ್ನು ಡಿಜಿಟಲ್ ಹಳಿಯ ಮೇಲೆ ಬಿಟ್ಟರೆ ನಿಂತಲ್ಲೇ ಗುಂಯ್‌ಗುಟ್ಟಿ ಸುಟ್ಟುಹೋಗುತ್ತದಂತೆ, ನಾನು ಅದನ್ನು ಎತ್ತಿಡಲು ಮರೆತಿದ್ದೆ.

ಸ್ವಿಚ್ಚಿಗೆ ಕೈ ಹಾಕಿದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ, "ಗುನುಗಿದ್ದು ಸಾಕು, ಊಟಕ್ಕೆ ಬರೋಕೆ ಹೇಳೇ ನಿಮ್ಮಪ್ಪನಿಗೆ" ಎಂದಳು.

ಸುಟ್ಟ ವಾಸನೆ ಬರುತ್ತಿದೆ, ಅಪ್ಪಾ. ನಾನಿನ್ನೂ ಸ್ವಿಚ್ ಆರಿಸಿಲ್ಲ.